ಸಾದಾ ಹಾಕಿಸಲೋ, ಪ್ರೀಮಿಯಂ ಹಾಕಿಸಲೋ

ಪೆಟ್ರೋಲ್ ಬಂಕಿನ ಹೆಂಗಸು ನನ್ನ ಕಾರಿನ ಕಿಟಕಿಯತ್ತ ಬಗ್ಗಿ, "ನಾರ್ಮಲಾ ಮೇಡಮ್, ಪ್ರೀಮಿಯಮಾ?" ಎಂದು ಕೇಳಿದಾಗಲೆಲ್ಲ ನನಗೆ ಅವಳ ಮೇಲೆ ಸಣ್ಣದೊಂದು ಗುಮಾನಿ ಹುಟ್ಟುತ್ತದೆ. "ನಾರ್ಮಲ್" ಎನ್ನುವಾಗ ಅವಳ ದನಿ ಇಳಿಯುತ್ತದೆ, "ಪ್ರೀಮಿಯಂ" ಎನ್ನುವಾಗ ಏರುತ್ತದೆ. ಈ ಏರಿಳಿತ ತಾನಾಗಿ ಬಂದದ್ದಲ್ಲ, ಯಾರೋ ಕೂರಿಸಿಕೊಂಡು ಕಲಿಸಿದ್ದು ಎಂದು ನನ್ನ ಊಹೆ. ಮೀಟರಿನತ್ತ ಕೈ ಮಾಡಿ ತಮಿಳಿನಲ್ಲಿ "ಜೀರೋ ಪಾರುಂಗ" ಎನ್ನುತ್ತಾಳೆ. ನೋಡುತ್ತೇನೆ. ಸೊನ್ನೆಯೇ ಇರುತ್ತದೆ. ಆದರೆ ಇಷ್ಟು ಮುತುವರ್ಜಿಯಿಂದ ಸೊನ್ನೆ ತೋರಿಸುವವರು ಬೇರೆ ಏನನ್ನೋ ತೋರಿಸದೆ ಬಿಡುತ್ತಿರಬಹುದಲ್ಲ ಎಂದು ಆ ಸೊನ್ನೆಯ ಮೇಲೂ ಅನುಮಾನ ಬರುತ್ತದೆ.

ನೀವು ನಗಬಹುದು. ನಿಮ್ಮ ಮನೆಯಲ್ಲಿ ಹೈಬ್ರಿಡ್ ಕಾರು ಇಲ್ಲದಿದ್ದರೆ ಖಂಡಿತ ನಗುತ್ತೀರಿ. ನಮ್ಮವರು ಹಟ ಹಿಡಿದು ಕೊಂಡ ಕಾರು ಅದು. ಒಂದು ಕಾಲು ಪೆಟ್ರೋಲಿನಲ್ಲಿ, ಇನ್ನೊಂದು ಕಾಲು ಬ್ಯಾಟರಿಯಲ್ಲಿ. ಎಂಜಿನ್ ಯಾವಾಗ ಎದ್ದು ಕೆಲಸ ಮಾಡಬೇಕು, ಯಾವಾಗ ಮಲಗಬೇಕು ಎಂಬುದನ್ನು ಕಾರೇ ತೀರ್ಮಾನಿಸುತ್ತದೆ, ನಮ್ಮನ್ನೊಂದು ಮಾತು ಕೇಳುವುದಿಲ್ಲ. ಸಿಗ್ನಲ್ಲಿನಲ್ಲಿ ನಿಂತರೆ ಸದ್ದೇ ಇಲ್ಲ. ಮೊದಲ ವಾರವಂತೂ ಮದ್ರಾಸಿನ ಅಡ್ಯಾರ್ ಸಿಗ್ನಲ್ಲಿನಲ್ಲಿ ಗಾಡಿ ಕೆಟ್ಟಿತೆಂದು ನಾನು ಗಾಬರಿಯಾಗಿ ಹಿಂದಿನವರಿಗೆ ಕೈ ಬೀಸಿ ದಾರಿ ಬಿಟ್ಟುಕೊಟ್ಟಿದ್ದೇನೆ. ಹಿಂದಿನವರು ನನ್ನ ಕಾರನ್ನು ಸುತ್ತಿಕೊಂಡು ಹೋಗುವಾಗ ನೋಡಿದ ನೋಟ ಈಗಲೂ ಮರೆತಿಲ್ಲ.

ಇಂಥ ಅರೆಹೊತ್ತಿನ ಎಂಜಿನ್ನಿಗೆ ಯಾವ ಪೆಟ್ರೋಲು ಹಾಕಬೇಕು? ನಮ್ಮವರ ವಾದ ಹೀಗೆ: ಪದೇ ಪದೇ ನಿದ್ದೆಯಿಂದ ಎಬ್ಬಿಸುತ್ತೇವಲ್ಲ, ಅದಕ್ಕೇ ಒಳ್ಳೆಯದನ್ನು ಕುಡಿಸಬೇಕು. "ಪ್ರೀಮಿಯಮ್ಮೇ ಹಾಕ್ಸ್ ಮಾರಾಯ್ತಿ, ಗಾಡಿ ನಮ್ದೇ ಅಲ್ದಾ?" ಎನ್ನುತ್ತಾರೆ. ನಾವು ಮನೆಯಲ್ಲಿ ಕುಂದಾಪುರದ ಕಡೆಯ ಕನ್ನಡ ಮಾತಾಡುತ್ತೇವೆ, ಅದರಲ್ಲಿ 'ಇದೆ' ಎನ್ನುವುದಕ್ಕೂ 'ಇತ್ತ್' ಎನ್ನುತ್ತೇವೆ. ಮಗಳಿಗೆ ಅದು ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. "ಅಮ್ಮಾ, ಮ್ಯಾನುಯಲ್ಲಯೇ ಪೋಟ್ಟಿರುಕ್ಕು, ನಾರ್ಮಲೇ ಪೋದುಂ" ಎಂದು ಫೋನಿನಿಂದ ತಲೆ ಎತ್ತದೆ ಹೇಳಿದಳು. ಕಾರಿನ ಪುಸ್ತಕದಲ್ಲೇ ಬರೆದಿದೆಯಂತೆ, ಸಾದಾ ಸಾಕಂತೆ. ಬರೆದವರು ಯಾರು? ನಮ್ಮ ಬಂಕನ್ನು ಕಣ್ಣಾರೆ ಕಂಡವರೇ? ಹಾಗೆಂದು ಪುಸ್ತಕವನ್ನೂ ನಾನು ನಂಬಲಿಲ್ಲ.

ಇದರ ಮೇಲೆ ಎಥನಾಲ್ ಬೇರೆ. ಪೆಟ್ರೋಲಿಗೆ ಕಬ್ಬಿನದ್ದೋ ಜೋಳದ್ದೋ ಸಾರಾಯಿಯಂಥದ್ದನ್ನು ಬೆರೆಸಿ, ಬೆರೆಸಿದ್ದೇವೆ ಎಂದು ಪಂಪಿನ ಮೇಲೆಯೇ ಅಂಟಿಸಿರುತ್ತಾರೆ. ಹೋಟೆಲಿನವರ ಮಗಳು ನಾನು. ಕಲಬೆರಕೆಯನ್ನು ಕದ್ದು ಮುಚ್ಚಿ ಮಾಡುವುದನ್ನು ಕಂಡಿದ್ದೆ, ಚೀಟಿ ಅಂಟಿಸಿ ಮಾಡುವುದನ್ನು ಕಂಡಿರಲಿಲ್ಲ.

ನನ್ನ ಅನುಮಾನ ಆಕಾಶದಿಂದ ಉದುರಿದ್ದಲ್ಲ. ಅದು ಅಪ್ಪಯ್ಯನಿಂದ ಬಂದದ್ದು. ಅಪ್ಪಯ್ಯ ಹರೆಯದಲ್ಲೇ ಊರು ಬಿಟ್ಟು ಮದ್ರಾಸಿಗೆ ಬಂದು, ಎಗ್ಮೋರ್ ಸ್ಟೇಷನ್ನಿನ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಕಾಫಿ ಕೌಂಟರಿಗೆ ಸೇರಿ, ಕೊನೆಗೆ ಇಡೀ ಉಗ್ರಾಣವನ್ನೇ ನೋಡಿಕೊಂಡವರು. ಹೋಟೆಲಿಗೆ ಬರುವ ಸಾಮಾನು ಯಾವುದೇ ಇರಲಿ, ಮೊದಲು ಅವರ ಮೂಗಿನ ಮುಂದೆ ಹಾಜರಾಗಬೇಕು. ತುಪ್ಪವನ್ನು ಮುಂಗೈ ಹಿಂಭಾಗಕ್ಕೆ ಉಜ್ಜಿ ಮೂಸುತ್ತಿದ್ದರು. ಬೇಳೆಯ ಮೂಟೆಗೆ ಕೈ ತೂರಿಸಿ, ತಳದ ಬೇಳೆ ತೆಗೆದು ಮೂಸುತ್ತಿದ್ದರು. ಇಂಗನ್ನು ಮಾತ್ರ ಮೂಸುತ್ತಿರಲಿಲ್ಲ, ಡಬ್ಬಿಯನ್ನು ಕೋಣೆಯ ಆಚೆ ಇಡಿಸಿ ಈಚೆ ಕುಳಿತುಕೊಳ್ಳುತ್ತಿದ್ದರು. ವಾಸನೆ ತಾನಾಗಿ ನಡೆದು ಬಂದರೆ ಸರಿ, ಇಲ್ಲದಿದ್ದರೆ ವಾಪಸು. ಸಾಮಾನು ತರುವ ತಮಿಳರು ಅವರಿಗೆ ಮೂಕ್ಕು ಐಯರ್ ಎಂದು ಹೆಸರಿಟ್ಟಿದ್ದರು. ಮೂಗಿನ ಐಯ್ಯರು! ಅಪ್ಪಯ್ಯನಿಗೆ ಅದರಲ್ಲಿ ಒಳಗೊಳಗೇ ಹೆಮ್ಮೆ.

ಬೇಸಗೆ ರಜೆಯಲ್ಲಿ ನಾನು ಆ ಉಗ್ರಾಣದಲ್ಲಿ ಅಕ್ಕಿ ಮೂಟೆಯ ಮೇಲೆ ಕುಳಿತು ದ್ರಾಕ್ಷಿ ಗೋಡಂಬಿ ಮೆಲ್ಲುತ್ತಿದ್ದೆ. ಒಂದು ದಿನ ಅಪ್ಪಯ್ಯ ನನ್ನ ಕೈ ಹಿಡಿದು ರಸ್ತೆಯಾಚೆಯ ಇನ್ನೊಂದು ಹೋಟೆಲಿಗೆ ಕರೆದೊಯ್ದು, ಒಂದು ಸಾದಾ ಕಾಫಿ, ಒಂದು ಸ್ಪೆಷಲ್ ಕಾಫಿ ತರಿಸಿದರು. ಅಪ್ಪಯ್ಯನ ಕೌಂಟರಿನಲ್ಲಿ ಸ್ಪೆಷಲ್ ಎಂದರೆ ಮೊದಲ ಡಿಕಾಕ್ಷನ್ ಮಾತ್ರ, ಸಾದಾಕ್ಕೆ ಎರಡನೆಯ ಸಲ ಬಿಸಿನೀರು ಹೊಯ್ದು ಇಳಿಸಿದ್ದೂ ಸೇರುತ್ತದೆ. ಆ ಲೆಕ್ಕ ತಪ್ಪುವಂತಿರಲಿಲ್ಲ. ಇಲ್ಲಿ ನಾನು ಎರಡನ್ನೂ ಕುಡಿದು ಯೋಚಿಸಿದೆ.

"ಎಂತ ವ್ಯತ್ಯಾಸ ಹೇಳ್ ಕಾಂಬ," ಅಂದರು.

"ಸ್ಪೆಷಲ್ಲಿಗೆ ನೊರೆ ಜಾಸ್ತಿ ಇತ್ತ್."

"ಹಾಂ! ನೊರೆಗೆ ದುಡ್ಡ್ ಕೊಟ್ಟದ್ ನಾವ್!" ಎಂದು ಇಡೀ ಹೋಟೆಲಿಗೆ ಕೇಳಿಸುವ ಹಾಗೆ ಹೇಳಿ ಎದ್ದರು. ಅವತ್ತಿನಿಂದ ಎಲ್ಲಿ ಸ್ಪೆಷಲ್ ಎಂದು ಬರೆದಿದ್ದರೂ ನಾನು ನೊರೆ ಹುಡುಕುತ್ತೇನೆ. ಬಂಕಿನಲ್ಲಿ ನನಗೆ ಬರುವ ಸಂಶಯವೂ ಅದೇ. ಈ ಎರಡು ಪೈಪುಗಳೂ ನೆಲದೊಳಗೆ ಹೋಗಿ ಒಂದೇ ಕೊಳಗಕ್ಕೆ ಸೇರಿಲ್ಲ ಎಂದು ಯಾರು ಹೇಳಬೇಕು?

ಅಮ್ಮ ತೀರಿಕೊಂಡ ಮೇಲೆ ಅಪ್ಪಯ್ಯ ಬೆಸೆಂಟ್ ನಗರದ ನಮ್ಮ ಫ್ಲ್ಯಾಟಿನಲ್ಲೇ ಇದ್ದಾರೆ. ವಯಸ್ಸು ಎಂಬತ್ತು ದಾಟಿದೆ. ಕಣ್ಣು, ಕಿವಿ, ಮಂಡಿ ಎಲ್ಲ ಒಂದು ಮಟ್ಟಕ್ಕೆ ಸರಿಯಿವೆ. ಸಂಶಯ ಮಾತ್ರ ಮೊದಲಿಗಿಂತ ಚುರುಕಾಗಿತ್ತು. ಕಳೆದ ಮಳೆಗಾಲದಲ್ಲಿ ಒಂದು ಕೆಟ್ಟ ಜ್ವರ ಬಂದು ಹೋಯಿತು. ಎದ್ದು ಕುಳಿತವರೇ ಲೋಕದ ಮೇಲೆ ಹರಿಹಾಯತೊಡಗಿದರು. ಇಂಗಿಗೆ ಹಿಟ್ಟು ಬೆರೆಸಿದ್ದಾರೆ. ಕಾಫಿಪುಡಿಯಂತೂ ಬರೀ ಮಣ್ಣು. ನನ್ನ ಮುಡಿಯಿಂದ ಮಲ್ಲಿಗೆ ತೆಗೆಸಿ ಮೂಸಿ, "ಇದ್ಯಾವ ಹೂ ಮಾರಾಯ್ತಿ, ಕಾಗ್ದದ್ದಾ?" ಎಂದು ಕೇಳಿದರು. ಸಂಜೆ ಬೀಚಿಗೆ ಹೋದರೆ, "ಸಮುದ್ರವೂ ಮೊದ್ಲಿನ್ ಹಾಂಗಿಲ್ಲೆ," ಎಂದು ತಲೆಯಾಡಿಸುತ್ತಿದ್ದರು.

ನಾವು ಏನು ಮಾಡಿದೆವು ಹೇಳಿ? ಒಪ್ಪಿಕೊಂಡೆವು. ಕಾಲ ಕೆಟ್ಟಿದೆ ಎಂದು ಒಬ್ಬರು ಹೇಳಿದರೆ ಇಲ್ಲವೆನ್ನುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ನಾನು ಕಾಫಿಪುಡಿಯ ಅಂಗಡಿ ಬದಲಿಸಿದೆ. ಮತ್ತೆ ಬದಲಿಸಿದೆ. ಹೊಸ ಪುಡಿ ನನಗೆ ಚೆನ್ನಾಗಿಯೇ ಕಂಡರೂ, ಅಪ್ಪಯ್ಯನ ಮೂಗಿಗಿಂತ ನನ್ನದು ದೊಡ್ಡದೇ ಎಂದು ಸುಮ್ಮನಾದೆ. ನಮ್ಮವರ ಆಫೀಸು ಎಣ್ಣೂರಿನ ಕಡೆ. ಒಂದು ಭಾನುವಾರ ಅಪ್ಪಯ್ಯನನ್ನೂ ಅತ್ತ ಕರೆದುಕೊಂಡು ಹೋಗಿದ್ದೆವು. ಕಾರ್ಖಾನೆಗಳ ನಾತಕ್ಕೆ ಎಲ್ಲರೂ ಕಿಟಕಿ ಏರಿಸಿ ಮೂಗು ಮುಚ್ಚಿಕೊಳ್ಳುವ ಆ ರಸ್ತೆಯಲ್ಲಿ ಅವರು ಗಾಜು ಇಳಿಸಿ, ಗಾಳಿ ಎಷ್ಟು ಹಗುರಾಗಿದೆ ಎಂದು ಹೊಗಳಿದರು. ಅದನ್ನು ನಾವು ಹೊಗೆ ಕಮ್ಮಿ ಬಿಡುವ ಹೊಸ ಕಾರಿಗೆ ಸಿಕ್ಕ ಶಾಬಾಸ್‌ಗಿರಿ ಎಂದುಕೊಂಡು ಬೀಗಿದೆವು.

ನಮ್ಮವರಿಗೆ ಅನುಮಾನ ಬಂದದ್ದು ಬೇರೆ ಕಡೆಯಿಂದ. ಅಪ್ಪಯ್ಯ ಮಧ್ಯಾಹ್ನ ಒಂದು ನಿದ್ದೆ ತೆಗೆದು, ಎದ್ದು, ತಾವೇ ಕಾಫಿ ಮಾಡಿಕೊಳ್ಳುತ್ತಾರೆ. ಆ ಹೊತ್ತಿಗೆ ನಾನು ಬ್ಯಾಂಕಿನಲ್ಲಿ, ನಮ್ಮವರು ಎಣ್ಣೂರಿನಲ್ಲಿ, ಮಗಳು ಕಾಲೇಜಿನಲ್ಲಿ. ಮನೆಯಲ್ಲಿ ಅವರೊಬ್ಬರೇ. ಒಂದು ದಿನ ಬಂದು ನೋಡಿದರೆ ಹಾಲಿನ ಪಾತ್ರೆ ಕರಕಲಾಗಿ ಒಲೆಯ ಮೇಲೆ ಹೊಗೆಯಾಡುತ್ತಿತ್ತು. ಅಪ್ಪಯ್ಯ ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತ ಆರಾಮಾಗಿದ್ದರು. ಇನ್ನೊಂದು ದಿನ ಹಾಲು ಉಕ್ಕಿ ಬೆಂಕಿ ಆರಿ, ಗ್ಯಾಸು ಸುಮ್ಮನೆ ಹೋಗುತ್ತಿತ್ತು. ಬಾಗಿಲು ತೆಗೆದಾಗಲೇ ನನಗೆ ತಲೆ ಸುತ್ತಿತು.

"ಮಾವಯ್ಯಂಗೆ ಮರ್ವು ಶುರುವಾಯ್ತ್," ಅಂದರು ನಮ್ಮವರು, ದನಿ ತಗ್ಗಿಸಿ. "ಇನ್ ಒಲೆ ಹತ್ರ ಬಿಡುಕಾಗ. ಕಾಫಿ ಫ್ಲಾಸ್ಕಿಗೆ ಹಾಕಿಟ್ ಹೋಪ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಆಯುಷ್ಯವೆಲ್ಲ ಊರಿಗೆ ಕಾಫಿ ಮಾಡಿಕೊಟ್ಟವರು ಫ್ಲಾಸ್ಕಿನ ಬಿರಡೆ ತಿರುಗಿಸಿ ಕಾಫಿ ಕುಡಿಯಬೇಕೇ? ಆ ಒಂದು ಲೋಟ ಕಾಫಿ ಬಿಟ್ಟರೆ ದಿನದಲ್ಲಿ ಅವರ ಕೈಯಿಂದ ಆಗುವ ಕೆಲಸ ಬೇರೊಂದಿರಲಿಲ್ಲ. ಸ್ವಲ್ಪ ದಿನ ನೋಡೋಣ ಎಂದು ನಾನು ಜಗ್ಗಾಡಿದೆ. ಜಗ್ಗಾಡಿದರೂ ಅಪ್ಪಯ್ಯನ ಮೇಲೆ ಕಣ್ಣಿಟ್ಟೆ. ನಿನ್ನೆ ಏನು ಪಲ್ಯ ಮಾಡಿದ್ದೆ ಅಪ್ಪಯ್ಯ, ಪಕ್ಕದ ಮನೆಯವರ ಹೆಸರೇನು ಎಂದು ಸುತ್ತಿ ಬಳಸಿ ಕೇಳುತ್ತಿದ್ದೆ. ಎಲ್ಲಕ್ಕೂ ಸರಿಯಾದ ಉತ್ತರ ಬರುತ್ತಿತ್ತು. ಇವಳೇಕೆ ಹೀಗೆ ಕೇಳುತ್ತಾಳೆಂದು ಅವರಿಗೆ ನನ್ನ ಮೇಲೆ ಅನುಮಾನ ಹತ್ತಿತು.

ಹೀಗಿರುವಾಗ ಒಂದು ಶನಿವಾರ ಮಧ್ಯಾಹ್ನ ಅಪ್ಪಯ್ಯನ ಕಣ್ಣಿನ ಡಾಕ್ಟರಲ್ಲಿಗೆ ಹೋಗಿ ಬರುವಾಗ ಪೆಟ್ರೋಲು ಹಾಕಿಸಲು ಕಾರನ್ನು ಬಂಕಿಗೆ ನುಗ್ಗಿಸಿದೆ. ಅದೇ ಹೆಂಗಸು, ಅದೇ ಪ್ರಶ್ನೆ. ನಾನು ತಡವರಿಸುವುದನ್ನು ಕಂಡು ಅಪ್ಪಯ್ಯ ಮುಂದಿನ ಸೀಟಿನಿಂದ ಕೇಳಿದರು, "ಎಂತದ್ ಅದ್, ಎರಡ್ ನಮೂನಿ?"

ವಿವರಿಸಿದೆ. ಸಾದಾ ಮತ್ತು ಸ್ಪೆಷಲ್ ಎಂಬ ಮಾತು ಕಿವಿಗೆ ಬಿದ್ದದ್ದೇ ಅವರ ಬೆನ್ನು ನೆಟ್ಟಗಾಯಿತು. ಬಾಗಿಲು ತೆಗೆದು ಇಳಿದೇಬಿಟ್ಟರು. ಜ್ವರದ ನಂತರ ಅಷ್ಟು ಲವಲವಿಕೆಯಿಂದ ಅವರು ಎದ್ದದ್ದನ್ನು ನಾನು ಕಂಡಿರಲಿಲ್ಲ. ನನಗೂ ಹುರುಪು ಬಂತು. ಕೇಳಿದವರಿಗೆ ಬಂಕಿನವರು ಫಿಲ್ಟರ್ ಕಾಗದ ಕೊಡಬೇಕು, ಅದರ ಮೇಲೆ ಪೆಟ್ರೋಲಿನ ಹನಿ ಹಾಕಿದರೆ ಕಲೆ ಉಳಿಯದೆ ಆರಬೇಕು ಎಂದು ಎಲ್ಲೋ ಓದಿದ್ದೆ. ಕೇಳಿದೆ. ಆಕೆ ಮುಖ ಗಂಟಿಕ್ಕಿಕೊಂಡರೂ ತಂದುಕೊಟ್ಟು, ಸಾದಾದ್ದೊಂದು, ಪ್ರೀಮಿಯಂದೊಂದು ಹನಿ ಹಾಕಿದಳು. ಎರಡೂ ಕಲೆಯಿಲ್ಲದೆ ಆರಿದವು. ಯಾವುದು ಮೇಲು ಎಂದು ಆ ಕಾಗದ ಹೇಳಲಿಲ್ಲ. ಅದು ಹೇಳುವ ಕಾಗದವೂ ಅಲ್ಲ.

"ಕಾಗ್ದದಲ್ ಎಂತ ಗೊತ್ತಾತ್ತ್? ಬಟ್ಟಿಗ್ ಹಾಕುಕೆ ಹೇಳ್. ಬಟ್ಟಿ ವಾಸ್ನಿ ಹಿಡ್ಕಂತ್ತ್," ಎಂದು ಅಪ್ಪಯ್ಯ ಹೆಗಲ ಮೇಲಿದ್ದ ಬೈರಾಸು ತೆಗೆದು ಹಿಡಿದರು. ಬೈರಾಸು ಎಂದರೆ ನಮ್ಮ ಕಡೆಯ ತೆಳು ಟವೆಲು. ಹೋಟೆಲಿನ ಕಾಲದಿಂದಲೂ ಅದು ಅವರ ಹೆಗಲು ಬಿಟ್ಟಿಲ್ಲ.

"ಅಯ್ಯೋ ತಾತಾ, ತುಣಿಯಿಲೆಲ್ಲಾಂ ವೇಣ್ಡಾಂ!" ಎಂದು ಆಕೆ ಬೇಡವೆಂದಳು. ಬಟ್ಟೆಗೆಲ್ಲ ಪೆಟ್ರೋಲು ಹಾಕುತ್ತಾರೆಯೇ ಎಂಬುದು ಅವಳ ಪ್ರಶ್ನೆ, ಸರಿಯಾದ ಪ್ರಶ್ನೆಯೇ. ಆದರೆ ಮೂಕ್ಕು ಐಯರ್ ಬಿಡಬೇಕಲ್ಲ! ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಸಾಕಪ್ಪ ಇವರ ಸಹವಾಸ ಎಂದು ಆಕೆ ಬೈರಾಸಿನ ಈ ತುದಿಗೆ ಒಂದು ಪೈಪಿನಿಂದ, ಆ ತುದಿಗೆ ಇನ್ನೊಂದರಿಂದ ತೊಟ್ಟಿಕ್ಕಿಸಿದಳು. ಎರಡನೆಯದು ತೊಟ್ಟಿಗಿಂತ ಹೆಚ್ಚೇ ಬಿತ್ತು. ಅಪ್ಪಯ್ಯ ಕಣ್ಣು ಮುಚ್ಚಿ ಒಂದು ತುದಿ ಮೂಸಿದರು. ಇನ್ನೊಂದು ತುದಿ ಮೂಸಿದರು. ಮತ್ತೆ ಮೊದಲನೆಯದಕ್ಕೆ ಬಂದರು.

"ಎರಡೂ ಒಂದೇ," ಎಂದು ತೀರ್ಪು ಕೊಟ್ಟರು. "ಎರಡ್ರಲ್ಲೂ ಎಂತದೂ ಇಲ್ಲೆ. ಬರೀ ನೀರ್."

ನನಗಾದ ಸಂತೋಷ ಹೇಳತೀರದು. ನಾನು ಇಷ್ಟು ದಿನ ಅಂದುಕೊಂಡದ್ದೇ ನಿಜವಾಯಿತಲ್ಲ! ಸಾದಾ ಹಾಕಿಸಿ, ಗೆದ್ದವಳ ಹಾಗೆ ಕಾರು ಹೊರಡಿಸಿದೆ. ಕಾರಿನೊಳಗೆ ಪೆಟ್ರೋಲಿನ ಘಾಟು ತುಂಬಿತ್ತು. ಕಿಟಕಿ ಇಳಿಸಿಕೊಂಡು, ಮೋಸಗಾರರನ್ನು ಬೈಯುತ್ತಾ ಮನೆ ಸೇರಿದೆವು. ನಾಲ್ಕು ಹೆಜ್ಜೆ ಆಚೆಗೂ ನಾರುವ ಬಟ್ಟೆಯನ್ನು ಮೂಗಿಗೆ ಒತ್ತಿಕೊಂಡ ಮನುಷ್ಯ "ಬರೀ ನೀರು" ಎಂದರಲ್ಲ ಎಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ. ಎಲ್ಲರನ್ನೂ ಸಂಶಯಿಸುವವರ ಪಾಡು ಇಷ್ಟೇ ನೋಡಿ. ಮನೆಯವರನ್ನು ಬಿಟ್ಟು ಊರೆಲ್ಲ ಹುಡುಕುತ್ತೇವೆ.

ಮನೆಗೆ ಬಂದು ನಾನು ಕೈಕಾಲು ತೊಳೆಯಲು ಹೋದೆ. ಅಪ್ಪಯ್ಯ ನೇರ ಅಡುಗೆಮನೆಗೆ ನಡೆದರು, ಕಾಫಿಯ ಹೊತ್ತು ಮೀರಿತ್ತು. ನಾನು ಮುಖ ಒರೆಸುತ್ತ ಬರುವಾಗ ಅಡುಗೆಮನೆಯ ಬಾಗಿಲಲ್ಲೇ ಗಮ್ಮೆಂದು ಪೆಟ್ರೋಲಿನ ವಾಸನೆ ಬಡಿಯಿತು. ಒಲೆಯಲ್ಲಿ ನೀಲಿ ಬೆಂಕಿ. ಮೇಲೆ ಹಾಲು ಏರುತ್ತಿದೆ. ಅಪ್ಪಯ್ಯ ಪಾತ್ರೆ ಇಳಿಸಲು ಹೆಗಲ ಬೈರಾಸನ್ನು ತೆಗೆದು ಕೈಗೆ ಸುತ್ತಿಕೊಳ್ಳುತ್ತಿದ್ದಾರೆ. ಹೋಟೆಲಿನವರು ಇಕ್ಕಳ ಹುಡುಕುವುದಿಲ್ಲ, ಹೆಗಲಿನ ಬಟ್ಟೆಯೇ ಅವರ ಇಕ್ಕಳ.

ನಾನು ಕಿರುಚಿದ್ದು ಏನೆಂದು ನೆನಪಿಲ್ಲ. ಬೈರಾಸನ್ನು ಕಿತ್ತುಕೊಂಡು ಬಾಲ್ಕನಿಗೆ ಓಡಿ ಬಕೆಟ್ಟಿನ ನೀರಿಗೆ ಅದ್ದಿದೆ. ವಾಪಸು ಬಂದಾಗ ಅಪ್ಪಯ್ಯ ಒಲೆ ಆರಿಸಿ, ಬರಿಗೈಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

"ಎಂತಾಯ್ತ್ ಮಗಾ?"

"ಪೆಟ್ರೋಲ್ ಅಪ್ಪಯ್ಯ! ಅಷ್ಟ್ ವಾಸ್ನಿ ಬತ್ತಿತ್ತ್, ನಿಮ್ಗೆ ಗೊತ್ತಾಯ್ಲಿಲ್ಯಾ?"

"ಎಲ್ಲಿತ್ತ್ ವಾಸ್ನಿ?" ಎಂದರು. ಆ ದನಿಯಲ್ಲಿ ನಾಟಕವಿರಲಿಲ್ಲ. ಇಂಗು, ಮಲ್ಲಿಗೆ, ಎಣ್ಣೂರಿನ ಗಾಳಿ, ಕರಕಲಾದ ಪಾತ್ರೆ ಎಲ್ಲ ಒಟ್ಟಿಗೆ ಬಂದು ನನ್ನ ಮುಂದೆ ನಿಂತವು. ಮರೆವಲ್ಲ, ಮೂಗು. ಹೇಗೆ ಹೇಳುವುದೆಂದು ತಿಳಿಯದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

ಅಪ್ಪಯ್ಯ ನಂಬಲಿಲ್ಲ. ಮಗಳಾದರೇನು, ಪರೀಕ್ಷೆ ಮಾಡದೆ ಸರಕು ಒಪ್ಪುವವರಲ್ಲ. ಕುರ್ಚಿ ಎಳೆದು ಕುಳಿತು ಕಣ್ಣು ಮುಚ್ಚಿ, "ಒಂದೊಂದೇ ತಕಂಡ್ ಬಾ," ಅಂದರು. ನಾನು ಕರ್ಪೂರ ಹಿಡಿದೆ. ಏನೂ ಇಲ್ಲವೆಂದರು. ಇಂಗಿನ ಡಬ್ಬಿ ತೆಗೆದು ಮೂಗಿನ ಹತ್ತಿರ ಇಟ್ಟೆ. "ಹಿಡ್ದಿದ್ಯಾ ಇಲ್ಯಾ?" ಎಂದು ಕೇಳಿದರು. ಕೊನೆಗೆ ಖಾಲಿ ಕೈ ಹಿಡಿದೆ. "ಕಾಫಿಪುಡಿ," ಅಂದರು, ಆಸೆಯಿಂದ. ಆಮೇಲೆ ಕಣ್ಣು ತೆರೆದು ನನ್ನ ಖಾಲಿ ಕೈಯನ್ನು ನೋಡಿದರು. ನನಗೆ ಅಳು ತಡೆಯಲಾಗಲಿಲ್ಲ. ಅವರು ಎದ್ದು ಕೋಣೆಗೆ ಹೋಗಿ ಗೋಡೆ ಕಡೆ ತಿರುಗಿ ಮಲಗಿದರು.

ಸಂಜೆ ಬಂದ ನಮ್ಮವರು ಎಲ್ಲ ಕೇಳಿ ಬೆವರಿದರು. ಮರೆವು ಎಂದದ್ದಕ್ಕೆ ಮುಖ ಸಪ್ಪೆ ಮಾಡಿಕೊಂಡರು. ಆದರೆ ಒಲೆಯ ವಿಷಯದಲ್ಲಿ ಅವರ ಮಾತು ಇನ್ನೂ ಗಟ್ಟಿಯಾಯಿತು, ಈ ಸಲ ನಾನೂ ಒಪ್ಪಿದೆ. ಮೂಗಿನ ಡಾಕ್ಟರು ಆಮೇಲೆ ಹೇಳಿದ್ದು ಇಷ್ಟೇ. ಜ್ವರ ತೆಗೆದುಕೊಂಡು ಹೋದದ್ದನ್ನು ಈ ವಯಸ್ಸಿನಲ್ಲಿ ವಾಪಸು ತರುವುದು ಕಷ್ಟ. ಈಗ ನಾವು ಹೊರಗೆ ಹೋಗುವಾಗ ಸಿಲಿಂಡರ್ ಮುಚ್ಚಿ ಹೋಗುತ್ತೇವೆ, ಅಪ್ಪಯ್ಯನಿಗೆ ಇಂಡಕ್ಷನ್ ಒಲೆ ತಂದಿದ್ದೇವೆ. ಬೆಂಕಿ ಕಾಣದೆ ಬಿಸಿಯಾಗುವ ಆ ಒಲೆಯನ್ನು ಅವರು ಇನ್ನೂ ನಂಬಿಲ್ಲ. ಕಾರಿಗೆ ಸಾದಾ ಪೆಟ್ರೋಲೇ ಹಾಕಿಸುತ್ತಿದ್ದೇನೆ. ಸರ್ವಿಸಿನವರು ಹೇಳಿದ ಪ್ರಕಾರ ಎರಡರ ನಡುವೆ ವ್ಯತ್ಯಾಸವೇನೋ ಇದೆಯಂತೆ, ಆದರೆ ನಮ್ಮ ಎಂಜಿನ್ನಿಗೆ ಆ ಹೆಚ್ಚಿನದು ಬೇಕಿಲ್ಲವಂತೆ. ಇರಬಹುದು.

ನಾನು ಹೇಳಬೇಕೆಂದದ್ದು ಆ ಬೈರಾಸಿನ ಪ್ರಸಂಗದ ಮಾರನೆಯ ದಿನದ, ಭಾನುವಾರದ ಮಾತು. ಕಾಫಿಯ ಹೊತ್ತಾದರೂ ಅಪ್ಪಯ್ಯ ಕೋಣೆಯಿಂದ ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಎಚ್ಚರವಾಗಿಯೇ ಇದ್ದರು.

"ಬನಿ ಅಪ್ಪಯ್ಯ, ಕಾಫಿ ಮಾಡಿ," ಅಂದೆ.

"ನೀನೇ ಮಾಡ್ ಮಗಾ. ನಂದ್ ಮುಗೀತ್."

"ನಿಮ್ ಹದ ನಂಗೆ ಬತ್ತಿಲ್ಲೆ. ನೀವ್ ಮಾಡಿ, ಮೂಸುದ್ ನಾನ್ ಮೂಸ್ತೆ."

ಎದ್ದು ಅಡುಗೆಮನೆಗೆ ಬಂದರು. ಫಿಲ್ಟರಿಗೆ ಪುಡಿ ಹಾಕಿ, ಒತ್ತಿ, ಬಿಸಿನೀರು ಹೊಯ್ದರು. ಕೈಗಳಿಗೆ ಏನೂ ಮರೆತಿರಲಿಲ್ಲ. ಡಿಕಾಕ್ಷನ್ ಇಳಿಯುವವರೆಗೆ ಹಾಲು ಕಾಯಿಸಿದರು. ಆಮೇಲೆ ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು. ಇನ್ನೊಬ್ಬರ ಮೂಗಿಗೆ ಅವರು ಏನನ್ನಾದರೂ ಒಪ್ಪಿಸಿದ್ದು ಅದೇ ಮೊದಲು.

"ಹೇಳ್."

"ಲಾಯ್ಕ್ ಇತ್ತ್ ಅಪ್ಪಯ್ಯ. ಘಮಘಮ ಅಂತಿತ್ತ್."

"ನಂಗೆ ಬೇಜಾರಾತ್ತ್ ಅಂತ ಹೇಳುದಲ್ದಾ?"

"ಅಲ್ಲ. ಪುಡಿ ಚೆಂದವೇ ಇತ್ತ್."

"ಇಂಗ್?"

"ಡಬ್ಬಿ ಮುಚ್ರೂ ವಾಸ್ನಿ ಬತ್ತ್."

"ಆ ಸಮುದ್ರ?"

"ಮೀನ್ ವಾಸ್ನಿ. ಇವತ್ ಕಿಟ್ಕಿ ತೆಗುಕಾತಿಲ್ಲೆ."

ಅಪ್ಪಯ್ಯ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು, ಮೂಟೆಯ ತಳದ ಬೇಳೆ ನೋಡುವ ಹಾಗೆ.

"ಹಾಂಗಾರೆ ಎಲ್ಲ ಸರಿಯೇ ಇತ್ತಾ?"

"ಎಲ್ಲ ಸರಿ ಇತ್ತ್ ಅಪ್ಪಯ್ಯ."

"ನಾನ್ ಎಂತ ಅಂದ್ಕಂಡಿದ್ದೆ ಗೊತ್ತಿತ್ತಾ?" ಅಂದರು. "ಇಷ್ಟ್ ವರ್ಷ ಬದ್ಕಿ, ಕಡಿಗೆ ಎಲ್ಲ ಹಾಳಾದ್ದ್ ಕಂಡ್ಕಂಡೇ ಹೋಯ್ಕಲ್ದಾ ಅಂತ. ಹಾಳಾದ್ ನನ್ ಮೂಗ್ ಒಂದೇ ಅಂದ್ರೆ, ಅದೆಂತ ದೊಡ್ ವಿಷ್ಯ ಅಲ್ಲ ಬಿಡ್."

ಕಾಫಿ ಬೆರೆಸಿ ಮೊದಲ ಲೋಟ ನನಗೆ ಕೊಟ್ಟು, ಎರಡನೆಯದನ್ನು ಹಿಡಿದು ಕುರ್ಚಿಯಲ್ಲಿ ಕುಳಿತರು. ವಾಸನೆಯೂ ಇಲ್ಲದ, ರುಚಿಯೂ ತಿಳಿಯದ ಆ ಕಾಫಿಯನ್ನು ಒಂದೂ ತಕರಾರಿಲ್ಲದೆ, ನಿಧಾನವಾಗಿ, ಕೊನೆಯ ಗುಟುಕಿನವರೆಗೂ ಕುಡಿದರು.